ಗುಜರಿಯಿಂದ ಗುಡ್ಡಕ್ಕೆ

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈಗ ಎರಡು ಹಸು, ಒಂದು ಕರು ಮತ್ತು ನಾಲ್ಕು ಸೈಕಲ್‌ಗಳಿವೆ. ಸೈಕಲ್‌ಗಳ ಪೈಕಿ ಎರಡು ಹರ್ಕ್ಯುಲಿಸ್ ಎಂಟಿಬಿ, ಒಂದು ಹೀರೊ ರೇಂಜರ್. ನಾಲ್ಕನೆಯದರ ಸ್ಟಿಕ್ಕರ್ ಅಳಿಸಿಹೋಗಿ, ಮೇಲೆ ಯಾರೋ ಹಸಿರು ಪೇಂಟ್ ಬಳಿದು, ಯಾವ ಕಂಪನಿಯದೆಂದು ಇಂದಿಗೂ ಪತ್ತೆಯಾಗಿಲ್ಲ. ನಾಲ್ಕಕ್ಕೂ ವಯಸ್ಸು ನನಗಿಂತ ಹೆಚ್ಚು. ‘ಹಸ ಆದ್ರೆ ಹಾಲ್ ಕೊಡ್ತದೆ, ಇವೇನ್ ಕೊಟ್ಟವು?’ ಎಂಬುದು ಅವ್ವನ ದಿನನಿತ್ಯದ ಪ್ರಶ್ನೆ. ಊರಿನವರ ಪ್ರಶ್ನೆ ಇನ್ನೂ ನೇರ: ‘ಏನ್ಲಾ, ಡಿಗ್ರಿ ಮಾಡ್ಬುಟ್ಟು ಗುಜ್ರಿ ಕೆಲ್ಸ ಹಿಡ್ದಿದ್ದೀಯಾ?’

ಹಳೇ ಸೈಕಲ್ ಸಂಗ್ರಹ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ರಾಲಿ, ಹಂಬರ್, ಫಿಲಿಪ್ಸ್‌ನಂಥ ಕರೀ ಸೈಕಲ್‌ಗಳು. ಡೈನಮೊ ಲೈಟು, ಮುಚ್ಚಿದ ಚೈನ್ ಕವರು, ಸ್ಪ್ರಿಂಗ್ ಇರುವ ಚರ್ಮದ ಸೀಟು. ಅವಕ್ಕೆ ಈಗ ಮರ್ಯಾದೆ ಸಿಕ್ಕಿದೆ. ಹೋಟೆಲ್‌ಗಳಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತಾರೆ, ಪ್ರೀ ವೆಡ್ಡಿಂಗ್ ಫೋಟೊಗೂ ಬಳಸುತ್ತಾರೆ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಬಂದ ದಪ್ಪ ಟೈರಿನ ‘ಎಂಟಿಬಿ’ಗಳನ್ನು ಕೇಳುವವರಿಲ್ಲ. ಪುರಾತನ ಅನ್ನಿಸಿಕೊಳ್ಳುವಷ್ಟು ಹಳೆಯವಲ್ಲ, ಓಡಿಸಲು ಯಾರಿಗೂ ಬೇಕಾಗುವಷ್ಟು ಹೊಸವೂ ಅಲ್ಲ. ಹಾಗಾಗಿ ಅಟ್ಟದಿಂದ ಇಳಿದ ಮೇಲೆ ಸೀದಾ ಗುಜರಿ ಅಂಗಡಿಯ ತಕ್ಕಡಿಗೆ ಹೋಗುತ್ತವೆ. ನನ್ನ ಮೊದಲ ಎಂಟಿಬಿಯನ್ನು ನಾನು ಕೊಂಡಿದ್ದೂ ತೂಕದ ಲೆಕ್ಕದಲ್ಲೇ. 18 ಕೆ.ಜಿ. ತೂಗಿತು. ಕೆ.ಜಿ.ಗೆ 28 ರೂಪಾಯಿಯಂತೆ 504 ರೂಪಾಯಿ. ಗುಜರಿಯವರು ನಾಲ್ಕು ರೂಪಾಯಿ ಬಿಟ್ಟುಕೊಟ್ಟರು.

ಆ ಕಾಲದಲ್ಲಿ ಇದು ಎಂಥ ವಸ್ತುವಾಗಿತ್ತು ಎಂಬುದನ್ನು ಚಿಕ್ಕಪ್ಪನ ಬಾಯಲ್ಲೇ ಕೇಳಬೇಕು. ‘ಎಂಟಿಬಿ ಅಂದ್ರೆ ಆವಾಗ ಈಗ್ನ ಬುಲೆಟ್ ಇದ್ದಂಗೆ ಕಣ್ಲಾ. ಎಸ್ಸೆಲ್ಸಿ ಪಾಸಾದ್ರೆ ಕೊಡುಸ್ತೀನಿ ಅಂತ ನಮ್ಮಪ್ಪ ಅಂದಿದ್ಕೇ ನಾನ್ ಪಾಸಾಗಿದ್ದು!’ ನೇರ ಹ್ಯಾಂಡಲ್, ಗಂಟು ಗಂಟಾದ ಟೈರು, ಡಾಂಬರು ರಸ್ತೆಯಲ್ಲಿ ಓಡುವಾಗ ಜೇನು ಹಾರಿದಂಥ ಗುಂಯ್‌ಗುಡುವ ಸದ್ದು. ಆದರೆ ಹಳ್ಳಿ ಮನೆಗೆ ಬಂದ ಸೈಕಲ್ ಬರೀ ಷೋಕಿಗೆ ಇರಲು ಸಾಧ್ಯವೇ? ವಾರದೊಳಗೆ ಅದಕ್ಕೆ ಕ್ಯಾರಿಯರ್ ಬೀಳುತ್ತಿತ್ತು, ದೊಡ್ಡ ಸ್ಟ್ಯಾಂಡು ಬೀಳುತ್ತಿತ್ತು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಸಂಜೆ ಗದ್ದೆಯಿಂದ ಹುಲ್ಲಿನ ಹೊರೆ. ನಮ್ಮ ಸೀಮೆಯಲ್ಲಿ ನನಗೆ ಸಿಕ್ಕ ಒಂದೊಂದು ಎಂಟಿಬಿಯ ಹಿಂಭಾಗದಲ್ಲೂ ಕ್ಯಾರಿಯರ್ ಉಜ್ಜಿ ಪೇಂಟ್ ಹೋದ ಗುರುತಿದೆ.

ಹುಟ್ಟಿದ್ದೇ ಗುಜರಿಯಲ್ಲಿ

ಇವುಗಳ ಹಿಂದೆ ಬಿದ್ದ ಮೇಲೆ ತಿಳಿದ ಒಂದು ಸಂಗತಿ ನನಗೆ ತುಂಬಾ ಖುಷಿ ಕೊಟ್ಟಿತು. ಇವತ್ತು ಲಕ್ಷಗಟ್ಟಲೆ ಬೆಲೆಯ ಮೌಂಟನ್ ಬೈಕ್ ಹುಟ್ಟಿದ್ದು ಕೂಡ ಗುಜರಿಯಿಂದಲೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರಿಗೆ ಗುಡ್ಡದ ಮಣ್ಣುದಾರಿಯಲ್ಲಿ ಸೈಕಲ್ ಇಳಿಸುವ ಹುಚ್ಚು. ರೇಸಿನ ಸಣ್ಣ ಟೈರಿನ ಸೈಕಲ್ ಅಲ್ಲಿ ತಡೆಯುತ್ತಿರಲಿಲ್ಲ. ಅವರು ಹುಡುಕಿ ತಂದದ್ದು 1930–40ರ ದಶಕದ ಷ್ವಿನ್ ಕಂಪನಿಯ ದಪ್ಪ ಟೈರಿನ ಸೈಕಲ್‌ಗಳನ್ನು. ಯಾರಿಗೂ ಬೇಡವಾಗಿ ಶೆಡ್ಡುಗಳಲ್ಲಿ ಬಿದ್ದಿದ್ದ ಅವು ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. 1976ರಲ್ಲಿ ಫೇರ್‌ಫ್ಯಾಕ್ಸ್ ಪಟ್ಟಣದ ಬಳಿ ಅವರು ರೇಸ್ ಶುರು ಮಾಡಿದರು. ಮೂರು ಕಿ.ಮೀ.ಗೆ ತುಸು ಹೆಚ್ಚು ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಆ ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೇ ಬ್ರೇಕ್ ಹಿಡಿಯುತ್ತಿತ್ತು. ಕೆಳಗೆ ತಲುಪುವಷ್ಟರಲ್ಲಿ ಒಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗಿರುತ್ತಿತ್ತು. ಹಬ್ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ ಆ ರೇಸಿನ ಹೆಸರು ‘ರಿಪ್ಯಾಕ್’.

ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಆ ಸೈಕಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲೇ ಕಂಪನಿ ತೆರೆದರು. ಅವರಿಗೆ ಫ್ರೇಮು ಕಟ್ಟಿಕೊಡುತ್ತಿದ್ದವರು ಟಾಮ್ ರಿಚಿ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಈ ಸೈಕಲ್ ಅಂಗಡಿಗಳಲ್ಲಿ ಸಿಗತೊಡಗಿತು. 1996ರ ಅಟ್ಲಾಂಟ ಒಲಿಂಪಿಕ್ಸ್‌ಗೆ ಮೌಂಟನ್ ಬೈಕ್ ಸ್ಪರ್ಧೆ ಸೇರಿತು. ಶೆಡ್ಡಿನ ಮೂಲೆಯಿಂದ ಒಲಿಂಪಿಕ್ಸ್‌ಗೆ ಹಿಡಿದದ್ದು ಇಪ್ಪತ್ತೇ ವರ್ಷ.

ಆ ಅಲೆಯ ಒಂದು ಸಣ್ಣ ತುಂತುರು ನಮ್ಮೂರಿಗೂ ಸಿಡಿಯಿತು. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್ ಹರ್ಕ್ಯುಲಿಸ್ ಹೆಸರಿನಲ್ಲಿ ಎಂಟಿಬಿ ತಂದಿತು. ಲೂಧಿಯಾನದ ಹೀರೊ, 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಎಂದು ಗಿನ್ನೆಸ್ ದಾಖಲೆ ಸೇರಿದ ಕಂಪನಿ, ರೇಂಜರ್ ತಂದಿತು. ನನ್ನಲ್ಲಿರುವ ನಾಲ್ಕಕ್ಕೂ ಗೇರ್ ಇಲ್ಲ, ಸಸ್ಪೆನ್ಷನ್ ಇಲ್ಲ. ಅಲ್ಯೂಮಿನಿಯಂ ಮಾತು ದೂರ, ಎಲ್ಲವೂ ಕಬ್ಬಿಣ. ಹೆಸರಿಗೆ ‘ಮೌಂಟನ್’, ಕೆಲಸ ಹಾಲಿನ ಕ್ಯಾನಿನದು.

ತಕ್ಕಡಿಗೆ ಹೋಗುವ ಮುನ್ನ

ಇಂಥ ಸೈಕಲ್ ಕಂಡರೆ ಏನನ್ನು ನೋಡಬೇಕು? ಪೇಂಟು, ಸೀಟು, ಟೈರು ಹಾಳಾಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಮೊದಲು ಫ್ರೇಮು. ಹ್ಯಾಂಡಲ್ ಕೆಳಗಿನ ಕೊಳವೆಗಳ ಬೆಸುಗೆ ಹತ್ತಿರ ಬೆರಳಾಡಿಸಿ. ಪೇಂಟ್ ಉಬ್ಬಿದ್ದರೆ ಅಥವಾ ಕೂದಲೆಳೆಯಂಥ ಬಿರುಕು ಕಂಡರೆ ಕೈಬಿಡಿ. ಎಲ್ಲಿಗೋ ಗುದ್ದಿದ ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಬಾಗಿರುತ್ತದೆ, ಪಕ್ಕದಿಂದ ನೋಡಿದರೆ ತಿಳಿಯುತ್ತದೆ.

ಆಮೇಲೆ ಸೀಟ್ ಪಿಲ್ಲರ್. ಇಪ್ಪತ್ತು ವರ್ಷ ಅಲುಗಾಡದೆ ನಿಂತ ಸೈಕಲ್‌ನಲ್ಲಿ ಅದು ತುಕ್ಕು ಹಿಡಿದು ಫ್ರೇಮಿಗೇ ಅಂಟಿಕೊಂಡಿರುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಫ್ರೇಮು ಹಾಳು. ಎಣ್ಣೆ ಬಿಟ್ಟು ಕಾಯುವುದೊಂದೇ ದಾರಿ. ಪೆಡಲ್ ಬಿಚ್ಚುವಾಗ ಒಂದು ಗುಟ್ಟು ಗೊತ್ತಿರಬೇಕು: ಬಲಗಡೆಯದು ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಗಡೆಯದರ ಮರೆ ಉಲ್ಟಾ. ತುಳಿಯುವಾಗ ಪೆಡಲ್ ತಾನಾಗಿ ಸಡಿಲವಾಗಬಾರದೆಂದು ಮಾಡಿದ ಏರ್ಪಾಡು ಅದು. ಗೊತ್ತಿಲ್ಲದೆ ಬಲವಾಗಿ ತಿರುಗಿಸುವವರು ಅದನ್ನು ಇನ್ನಷ್ಟು ಬಿಗಿ ಮಾಡುತ್ತಿರುತ್ತಾರೆ.

ಟೈರಿನಲ್ಲಿ ಇನ್ನೊಂದು ಸಿಕ್ಕಿದೆ. ‘26 ಇಂಚು’ ಎಂದು ಬರೆದ ಎಲ್ಲ ಟೈರೂ ಒಂದೇ ಅಲ್ಲ. 26x1.95, 26x2.125 ಎಂದು ದಶಮಾಂಶದಲ್ಲಿ ಬರೆದಿದ್ದರೆ ಎಂಟಿಬಿ ಟೈರು, ಅದರ ರಿಮ್ಮಿನ ಅಳತೆ 559 ಮಿ.ಮೀ. 26x1 3/8 ಎಂದು ಭಿನ್ನರಾಶಿಯಲ್ಲಿ ಇದ್ದರೆ ಮಾಮೂಲಿ ಸೈಕಲ್ಲಿನದು, 590 ಮಿ.ಮೀ. ಎರಡಕ್ಕೂ ಮೂರು ಸೆಂಟಿಮೀಟರ್‌ಗೂ ಹೆಚ್ಚು ವ್ಯತ್ಯಾಸ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ದಶಮಾಂಶ, ಭಿನ್ನರಾಶಿ ಎರಡೂ ಒಂದೇ ಬೆಲೆಯವು. ಟೈರಿಗೆ ಮಾತ್ರ ಅಲ್ಲ.

ನನ್ನ ಮೊದಲ ಎಂಟಿಬಿಗೆ ಟೈರು, ಟ್ಯೂಬು, ಚೈನು, ಬ್ರೇಕ್ ಕಟ್ಟೆ, ತಂತಿ, ಗ್ರೀಸು, ಬಾಲ್ಸು ಎಲ್ಲ ಸೇರಿ ಸೈಕಲ್ಲಿನ ಬೆಲೆಯ ಮೂರರಷ್ಟಾಯಿತು. ಒಟ್ಟು ಎರಡು ಸಾವಿರದ ಆಸುಪಾಸು. ಅದನ್ನೂ ಒಂದೇ ಸಲ ಹಾಕಲಿಲ್ಲ. ಟ್ಯೂಷನ್ ಹೇಳಿದ ದುಡ್ಡಿನಲ್ಲಿ ತಿಂಗಳಿಗೊಂದು ಸಾಮಾನು. ಕೆಲಸ ಸಿಗದ ಕಾಲದಲ್ಲಿ ಈ ಹವ್ಯಾಸ ಜೇಬಿಗೆ ಒಗ್ಗಿದ್ದು ಹೀಗೆ.

ಕಡ್ಡಿಯ ಸದ್ದು ಕೇಳು

ದುಡ್ಡಿಗಿಂತ ಕಷ್ಟವಾದದ್ದು ಕೆಲಸ ಬಲ್ಲವರನ್ನು ಹುಡುಕುವುದು. ಪಂಕ್ಚರ್ ಹಾಕುವವರು ಬೇಕಾದಷ್ಟಿದ್ದಾರೆ. ಬಳುಕಿದ ಚಕ್ರವನ್ನು ಕಡ್ಡಿ ಎಳೆದು ನೇರ ಮಾಡುವವರು, ಬಾಲ್ಸ್ ಕೋನ್ ಬಿಗಿಯನ್ನು ಬೆರಳಲ್ಲೇ ಅಳೆಯುವವರು ಅಪರೂಪ. ಕೊನೆಗೆ ಶ್ರೀರಂಗಪಟ್ಟಣ ಕಡೆಯ ಒಂದು ಹಳೇ ಶಾಪು ಸಿಕ್ಕಿತು. ಒಂದು ಕಾಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಶಾಪದು. ಈಗ ಅಲ್ಲಿ ಹೆಚ್ಚಾಗಿ ಸ್ಕೂಟರ್ ಪಂಕ್ಚರ್. ಯಜಮಾನರನ್ನು ನಾನು ಮಾವ ಅನ್ನುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ.

ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ ತಿರುಗಿಸಿದರು. ನಾನು ನಿಪ್ಪಲ್ ಕೀ ತೆಗೆದುಕೊಂಡೆ. ‘ಕೀ ಮಡುಗು. ಮೊದ್ಲು ಸದ್ದು ಕೇಳು’ ಅಂದರು. ಬೆರಳಿನ ಉಗುರಿನಿಂದ ಒಂದೊಂದೇ ಕಡ್ಡಿ ಮೀಟುತ್ತಾ ಹೋದರು. ಟಿಣ್, ಟಿಣ್, ಟಿಣ್, ಡಬ್. ‘ಇಲ್ಲೈತೆ ನೋಡು ರೋಗ.’ ಬಿಗಿ ಇರುವ ಕಡ್ಡಿ ಗಂಟೆಯಂತೆ ನುಡಿಯುತ್ತದೆ, ಸಡಿಲ ಕಡ್ಡಿಯ ದನಿ ಸತ್ತಿರುತ್ತದೆ. ರಿಮ್ಮು ಬಲಕ್ಕೆ ಬಳುಕಿದ್ದರೆ ಆ ಜಾಗದಲ್ಲಿ ಎಡಬದಿಯ ಕಡ್ಡಿಯನ್ನು ಬಿಗಿ ಮಾಡಬೇಕು, ಬಲಬದಿಯದನ್ನು ಸಡಿಲಿಸಬೇಕು. ಅದೂ ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚಿಲ್ಲ. ಅಪ್ಪನ ಕಾಲದ ಕರೀ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ನನ್ನ ಎಂಟಿಬಿಗೆ ಎರಡೂ ಕಡೆ 36. ಮೊದಲ ಚಕ್ರ ನೇರವಾಗಲು ನನಗೆ ನಾಲ್ಕು ಸಂಜೆ ಹಿಡಿಯಿತು. ಮಾವನಿಗೆ ಟೀ ತಣ್ಣಗಾಗುವ ಮೊದಲೇ ಮುಗಿಯುತ್ತದೆ.

ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಶಾಪು ಮುಂದುವರಿಯುವುದಿಲ್ಲ ಎಂಬುದು ಮಾವನಿಗೂ ಗೊತ್ತು. ‘ನಂದಾದ್ಮೇಲೆ ಈ ಕೀ ಯಾರ್ಗೆ ಬೇಕು, ನೀನೇ ಮಡಿಕೊ’ ಎಂದು ಒಂದು ದಿನ ತಮ್ಮ ನಿಪ್ಪಲ್ ಕೀಯನ್ನೇ ಕೊಟ್ಟರು. ದುಂಡನೆಯ, ಅಂಚೆಲ್ಲ ಸವೆದ ಕೀ. ಅವತ್ತಿನಿಂದ ನನ್ನ ಸಂಗ್ರಹದ ಅರ್ಥ ಸ್ವಲ್ಪ ಬದಲಾಗಿದೆ. ಕೊಟ್ಟಿಗೆಯಲ್ಲಿ ಸೈಕಲ್ ನಿಲ್ಲಿಸುವುದು ಸುಲಭ. ಅದನ್ನು ಬಿಚ್ಚಿ ಕಟ್ಟುವ ವಿದ್ಯೆ ಇನ್ನೊಂದು ಕೈಗೆ ದಾಟದೇ ಹೋದರೆ ನಿಂತ ಸೈಕಲ್ ನಿಂತೇ ಇರುತ್ತದೆ. ಹಾಗಾಗಿ ಮಾವ ಮಾಡುವ ಒಂದೊಂದು ಕೆಲಸವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದೇನೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತು ಬಾಲ್ಸು, ಮುಂದಿನದಕ್ಕೆ ಸಣ್ಣವು ಹತ್ತು. ಇಂಥವು.

ಕಾಲವೂ ಸೈಕಲ್ಲಿನ ಪರವಾಗಿಲ್ಲ. 1951ರಲ್ಲಿ ಶುರುವಾಗಿದ್ದ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ! ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಉಚಿತ ಸೈಕಲ್ ಕೊರೊನಾ ಕಾಲದಲ್ಲಿ ನಿಂತಿತು. ಇವತ್ತು ನಮ್ಮ ಭಾಗದ ಗುಜರಿ ಅಂಗಡಿಗಳಲ್ಲಿ ರಾಶಿ ಬಿದ್ದಿರುವುದರಲ್ಲಿ ಆ ಸೈಕಲ್‌ಗಳೇ ಹೆಚ್ಚು. ಅವುಗಳ ಚೈನು, ಪೆಡಲು, ಫ್ರೀವೀಲ್ ನನ್ನ ಎಂಟಿಬಿಗಳಿಗೆ ಎಷ್ಟೋ ಸಲ ಒದಗಿವೆ.

ಕರಿಘಟ್ಟದ ಏರು, ನಾಲೆಯ ಏರಿ

ರಿಪೇರಿ ಆಯಿತು, ಓಡಿಸುವುದೆಲ್ಲಿ? ಬಾಬುರಾಯನಕೊಪ್ಪಲಿನವರಿಗೆ ಜಾಗಕ್ಕೆ ಬರವಿಲ್ಲ. ಮೊದಲನೆಯದು ಕರಿಘಟ್ಟ. ಬೆಟ್ಟದ ಮೇಲಿನ ಶ್ರೀನಿವಾಸ ದೇವಸ್ಥಾನದವರೆಗೆ ಅಂಕುಡೊಂಕಿನ ಡಾಂಬರು ರಸ್ತೆಯಿದೆ. ಗೇರ್ ಇಲ್ಲದ 18 ಕೆ.ಜಿ. ಕಬ್ಬಿಣ ಹತ್ತಿಸುವುದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ನನ್ನ ಸೈಕಲ್ಲಿನ ಮುಂದಿನ ಚೈನ್ ವೀಲ್‌ಗೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ ಐದು ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟು ದಾರಿಗೆ ಸರಿ, ಏರಿಗೆ ಭಾರ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಾಯಿಸಿ, ಚೈನಿಗೆ ಒಂದೆರಡು ಕೊಂಡಿ ಸೇರಿಸಿದೆ. ಈಗ ಒಂದು ತುಳಿತಕ್ಕೆ ನಾಲ್ಕು ಮೀಟರ್ ಚಿಲ್ಲರೆ. ವೇಗ ಕಡಿಮೆಯಾಯಿತು, ಏರು ಹಗುರವಾಯಿತು. ಮೊದಲು ಎರಡನೇ ತಿರುವಿಗೇ ಇಳಿದು ತಳ್ಳುತ್ತಿದ್ದವನು ಈಗ ಒಂದೇ ಸಲ ನಿಂತು ಸುಧಾರಿಸಿಕೊಂಡು ದೇವಸ್ಥಾನ ಮುಟ್ಟುತ್ತೇನೆ. ಮೇಲಿಂದ ನೋಡಿದರೆ ಲೋಕಪಾವನಿ ಕಾವೇರಿಗೆ ಸೇರುವುದು, ಅದರಾಚೆ ಶ್ರೀರಂಗಪಟ್ಟಣದ ದ್ವೀಪ ಕಾಣುತ್ತದೆ. ಒಂದು ಮಾತು: ರಸ್ತೆ ಬಿಟ್ಟು ಕುರುಚಲು ಕಾಡಿನೊಳಗೆ ಸೈಕಲ್ ನುಗ್ಗಿಸಬೇಡಿ. ಚಿರತೆ ಓಡಾಡುವ ಸೀಮೆ ಇದು.

ಎರಡನೆಯದು ಕಬ್ಬಿನ ಗದ್ದೆಗಳ ನಡುವಿನ ಬಂಡಿದಾರಿ ಮತ್ತು ನಾಲೆ ಏರಿ. ದಪ್ಪ ಟೈರಿನ ಬೆಲೆ ಗೊತ್ತಾಗುವುದೇ ಇಲ್ಲಿ. ಟ್ರ್ಯಾಕ್ಟರ್ ಗಾಲಿ ಕೊರೆದ ಕೆಸರು ಒಣಗಿ ಕಲ್ಲಾದ ಮೇಲೂ ಸೈಕಲ್ ಹೋಗುತ್ತದೆ. ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಟೈರೇ ಸಸ್ಪೆನ್ಷನ್.

ಆದರೆ ನಾಲೆ ಏರಿಯ ಮೇಲೆ ಆಟವಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲಾ ಮಕ್ಕಳೂ ಅದರಲ್ಲಿದ್ದರು. ಆ ಸುದ್ದಿ ಕೇಳಿದ ದಿನ ನಮ್ಮ ಜಿಲ್ಲೆಯ ಯಾರ ಮನೆಯಲ್ಲೂ ಊಟ ಸೇರಿರಲಾರದು. ತಡೆಗೋಡೆ ಇಲ್ಲದ ಕಡೆ ನಾನು ನಾಲೆಯ ಅಂಚಿನಿಂದ ದೂರ, ಗದ್ದೆಯ ಬದಿಗೇ ಓಡಿಸುತ್ತೇನೆ. ಹಳೇ ಎಂಟಿಬಿಗೆ ಇಲ್ಲೊಂದು ದೊಡ್ಡ ದೌರ್ಬಲ್ಯವೂ ಇದೆ: ಕಬ್ಬಿಣದ ರಿಮ್ಮು ಒದ್ದೆಯಾದರೆ ಬ್ರೇಕ್ ಜಾರುತ್ತದೆ. ಮಳೆಯಲ್ಲಿ ಇಳಿಜಾರು ಬರುವ ಮೊದಲೇ ಬ್ರೇಕನ್ನು ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು. ಎರಡೂ ಬ್ರೇಕ್ ಹಿಡಿಯದ ಸೈಕಲ್ಲನ್ನು ನಾನು ಊರಿನ ಬೀದಿಗೂ ಇಳಿಸುವುದಿಲ್ಲ.

ದೂರದ ಸವಾರಿಗೆ ಕಿರಂಗೂರು, ದರಸಗುಪ್ಪೆ ಹಾದು ಪಾಂಡವಪುರ, ಅಲ್ಲಿಂದ ಕುಂತಿಬೆಟ್ಟ. ಫ್ರೆಂಚ್ ಸೈನಿಕರು ತಂಗಿದ್ದರೆಂದು ಹಿಂದೆ ‘ಫ್ರೆಂಚ್ ರಾಕ್ಸ್’ ಎಂದೇ ಕರೆಸಿಕೊಳ್ಳುತ್ತಿದ್ದ ಊರು ಪಾಂಡವಪುರ. ಬೆಟ್ಟದ ಬುಡದಲ್ಲಿ ಸೈಕಲ್ ನಿಲ್ಲಿಸಿ ಬಂಡೆ ಹತ್ತುವುದೇ ಮಜಾ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮಾತ್ರ ನಮ್ಮದಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜತೆ ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ನನಗದು ಬೇಸರವಲ್ಲ. ಅಷ್ಟು ವೇಗದ ರಸ್ತೆಯಲ್ಲಿ ಎಂಟಿಬಿಗೆ ಕೆಲಸವೂ ಇಲ್ಲ.

ನಿಲ್ಲಿಸಬೇಡ

ಹಳೇ ವಸ್ತು ಕೂಡಿಡುವವರಲ್ಲಿ ಒಂದು ವಾದ ಇದ್ದೇ ಇರುತ್ತದೆ. ಇದ್ದದ್ದನ್ನು ಇದ್ದ ಹಾಗೇ ಉಳಿಸಬೇಕೋ, ಹೊಸ ಸಾಮಾನು ಹಾಕಿ ಓಡಿಸಬೇಕೋ? ನನಗೆ ಉತ್ತರ ಕೊಟ್ಟದ್ದು ಹೀರೊ ರೇಂಜರ್.

ಅದು ಸಿಕ್ಕಿದ್ದು ಕೆ.ಆರ್.ಪೇಟೆ ಕಡೆಯ ಒಂದು ಹಳ್ಳಿಯಲ್ಲಿ. ರೈತರೊಬ್ಬರು ಮಗಳನ್ನು ಪಿಯುಸಿಗೆ ಸೇರಿಸಿದಾಗ ಕೊಡಿಸಿದ ಸೈಕಲ್. ‘ಗಂಡ್ಮಕ್ಳ ಸೈಕಲ್ಲು ಹೆಣ್ಣೈಕ್ಳಿಗೆ ಯಾಕೆ’ ಅಂದವರಿಗೆ ‘ದಾರಿ ಕಲ್ಲುದಾರಿ, ಇದೇ ಸರಿ’ ಅಂದಿದ್ದರಂತೆ. ಎರಡು ವರ್ಷ ಆಕೆ ಅದರಲ್ಲೇ ಕಾಲೇಜಿಗೆ ಹೋದರು. ಮುಂದೆ ನರ್ಸಿಂಗ್ ಓದಿ ಈಗ ದೂರದ ಊರಿನಲ್ಲಿದ್ದಾರೆ. ಗುಜರಿಯವನು ಮೂರು ಸಲ ಕೇಳಿದರೂ ಆ ಅಪ್ಪ ಕೊಟ್ಟಿರಲಿಲ್ಲ. ನಾನು ದುಡ್ಡು ಎಣಿಸಲು ಹೋದಾಗ ಕೈ ಅಡ್ಡ ಹಿಡಿದರು. ‘ದುಡ್ ಬ್ಯಾಡ ಕಣಪ್ಪ. ತಕ್ಕೊಂಡೋಗಿ ಮೂಲೇಲಿ ನಿಲ್ಲುಸ್ಬ್ಯಾಡ. ಓಡ್ಸು.’

ಆ ಸೈಕಲ್ಲಿನ ಮೇಲಿನ ಕೊಳವೆಗೆ ಹಳೇ ಟ್ಯೂಬಿನ ಪಟ್ಟಿ ಸುತ್ತಿದೆ. ಕ್ಯಾರಿಯರ್ ಮೇಲೆ ಕೈವಾರದಲ್ಲಿ ಕೊರೆದ ಎರಡು ಇಂಗ್ಲಿಷ್ ಅಕ್ಷರಗಳಿವೆ. ಅವನ್ನು ನಾನು ಮುಟ್ಟಿಲ್ಲ, ಪೇಂಟ್ ಬಳಿದಿಲ್ಲ. ಚೈನು, ಬಾಲ್ಸು, ಬ್ರೇಕು, ಟೈರು ಎಲ್ಲ ಹೊಸದು. ಸವೆಯುವುದನ್ನು ಬದಲಿಸು, ನೆನಪಿರುವುದನ್ನು ಬಿಡು. ಈಗ ನಾಲ್ಕೂ ಸೈಕಲ್ಲಿಗೆ ಇದೇ ನಿಯಮ. ಓಡಿಸುವ ವಿಡಿಯೊವನ್ನು ಆ ಅಪ್ಪನಿಗೆ ಕಳಿಸಿದ್ದೆ, ಅವರು ಮಗಳಿಗೆ ದಾಟಿಸಿದರು. ಅಲ್ಲಿಂದ ಬಂದ ಉತ್ತರ ಒಂದೇ ಸಾಲು: ‘ಸ್ಟ್ಯಾಂಡಿನ ಸದ್ದು ಇನ್ನೂ ಹಾಗೇ ಇದೆಯಲ್ಲ!’

ಈ ಹವ್ಯಾಸದಿಂದ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯುವ ನಮ್ಮಂಥವರಿಗೆ, ಬೆಳಿಗ್ಗೆ ಕೈ ಹಾಕಿದ ಕೆಲಸ ಸಂಜೆಗೆ ಆಯಿತೋ ಇಲ್ಲವೋ ಎಂದು ಚಕ್ರವೇ ತಿರುಗಿ ಹೇಳುವುದು ದೊಡ್ಡ ಸಮಾಧಾನ. ಸಂಜೆ ಒಂದು ಗಂಟೆ ಸೈಕಲ್ಲಿಗೆ, ಉಳಿದದ್ದು ಪುಸ್ತಕಕ್ಕೆ. ಈಗ ಊರಿನ ಇಬ್ಬರು ಹೈಸ್ಕೂಲು ಹುಡುಗರು ಬಂದು ಪಕ್ಕದಲ್ಲಿ ಕೂರುತ್ತಾರೆ. ಒಬ್ಬನಿಗೆ ಕಡ್ಡಿಯ ಸದ್ದು ನನಗಿಂತ ಬೇಗ ತಿಳಿಯುತ್ತದೆ.

ಆಯುಧಪೂಜೆಗೆ ಅಟ್ಟ, ಹಿತ್ತಿಲು ಗುಡಿಸುವಾಗ ನಿಮ್ಮ ಮನೆಯಲ್ಲೂ ಅಪ್ಪನದೋ ಮಾವನದೋ ಒಂದು ಎಂಟಿಬಿ ಸಿಗಬಹುದು. ಗುಜರಿಯವನನ್ನು ಕರೆಯುವ ಮುನ್ನ ಸೀಟ್ ಪಿಲ್ಲರ್ ಬುಡಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಡಿ. ಒಂದು ರಾತ್ರಿ ಕಾದು, ಬೆಳಿಗ್ಗೆ ಮೆಲ್ಲಗೆ ತಿರುಗಿಸಿ ನೋಡಿ.